ಡಾಕ್ಟರ್ ಓದಲು ಯಾವ ಕಾಲೇಜು ಬರೆಯಲಿ?

ನೀಟ್ ಫಲಿತಾಂಶ ಬಂದ ವಾರದಿಂದ ನಮ್ಮ ಮನೆ ಜಗಲಿಗೆ ಜನ ಬರಲು ಶುರು. ನಾನು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಶಿಕ್ಷಣ ಸಾಲದ ಅರ್ಜಿ ತುಂಬಿಸಿ ಅಭ್ಯಾಸವಿದೆ ಎಂಬ ಒಂದೇ ಕಾರಣಕ್ಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತಮುತ್ತಲಿನ ಪರಿಚಯಸ್ಥರು ಬಂದು ಕೂರುತ್ತಾರೆ. ಕಾಫಿ ಮುಗಿಯುವುದರೊಳಗೆ ಅದೇ ಪ್ರಶ್ನೆ: "ಯಾವ ಯೂನಿವರ್ಸಿಟಿ ಒಳ್ಳೇದು ಮಾರಾಯ್ರೇ?"

ಅಮೆರಿಕದಲ್ಲಾದರೆ ಈ ಪ್ರಶ್ನೆಗೆ ಅರ್ಥವಿದೆ. ಅಲ್ಲಿ ಮೊದಲು ನಾಲ್ಕು ವರ್ಷ ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಪದವಿ, ಆಮೇಲೆ ಎಂಕ್ಯಾಟ್ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ವೈದ್ಯಕೀಯ. ಆ ಮೊದಲ ನಾಲ್ಕು ವರ್ಷವನ್ನೇ ಪ್ರಿ-ಮೆಡ್ ಎನ್ನುತ್ತಾರೆ. ಸಂಗೀತವನ್ನೇ ಮುಖ್ಯ ವಿಷಯವಾಗಿ ಓದಿ, ಜೊತೆಗೆ ಬೇಕಾದ ವಿಜ್ಞಾನದ ಪಾಠ ಮುಗಿಸಿದವರೂ ಡಾಕ್ಟರಾಗುತ್ತಾರಂತೆ. ನಮ್ಮಲ್ಲಿ ಪ್ರಿ-ಮೆಡ್ ಅಂದರೆ ಪಿಯುಸಿಯೇ. ಹದಿನೇಳು ಹದಿನೆಂಟರ ಮಕ್ಕಳು ನೇರ ಎಂ.ಬಿ.ಬಿ.ಎಸ್.ಗೆ. ಇನ್ನು ಯೂನಿವರ್ಸಿಟಿ? 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಹೆಚ್ಚಿನ ವೈದ್ಯಕೀಯ ಕಾಲೇಜುಗಳು ಅದರಡಿಯಲ್ಲೇ ಇವೆ. ಅದೇ ಪಠ್ಯ, ಅದೇ ಪರೀಕ್ಷೆ, ಅದೇ ಪದವಿ. ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು ಬೇರೆ.

ಹಾಗಾಗಿ ನಾನು ಕೇಳುವುದು ಬೇರೆಯೇ ಪ್ರಶ್ನೆ: "ಸೀಟು ಯಾವ ಜಾತಿಯದು?" ಸರ್ಕಾರಿ ಕಾಲೇಜಿನ ಸೀಟಾದರೆ ವರ್ಷದ ಶುಲ್ಕ ಲಕ್ಷದೊಳಗೆ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಸುಮಾರು ಒಂದೂವರೆ ಲಕ್ಷ. ಅದೇ ಕಾಲೇಜಿನ, ಅದೇ ಬೆಂಚಿನ ಖಾಸಗಿ ಸೀಟಿಗೆ ಹತ್ತು ಲಕ್ಷದ ಆಸುಪಾಸು. ಡೀಮ್ಡ್ ಆದರೆ ಅದಕ್ಕೂ ಮೇಲೆ.

ಹೋದ ಸಲ ಕೊಪ್ಪ ತಾಲ್ಲೂಕಿನದೇ ಒಂದು ಹಳ್ಳಿಯಿಂದ ಅಪ್ಪ, ಮಗಳು ಬಂದಿದ್ದರು. ಎರಡು ಎಕರೆ ಅಡಿಕೆ ತೋಟ. ಅಪ್ಪನ ಆಸೆ ಮಂಗಳೂರಿನ ಒಂದು ಖಾಸಗಿ ಸೀಟು. ಕಾರಣವೂ ಸುಳ್ಳಲ್ಲ. "ಕೆರೆಕಟ್ಟೆ ದಾಟಿ ಮಾಳ ಘಾಟಿ ಇಳಿದರೆ ಕಾರ್ಕಳ, ಅಲ್ಲಿಂದ ಮಂಗಳೂರು ಎಷ್ಟೊತ್ತು? ಮನೇಲಿ ಯಾರಿಗಾದ್ರೂ ಜೋರಾದ್ರೆ ನಾವು ಓಡೋದೂ ಘಟ್ಟದ ಕೆಳಗೇ ಅಲ್ವಾ" ಎಂದರು. ಅದೂ ನಿಜ. ಮಂಗನ ಕಾಯಿಲೆ ಎದ್ದ ವರ್ಷ ಮಣಿಪಾಲದ ದಾರಿ ಹಿಡಿದವರ ಲೆಕ್ಕ ನಮ್ಮ ಕಡೆಯವರಿಗೆ ಗೊತ್ತು. ಅಲ್ಲಿ ಖಾಸಗಿ ವೈದ್ಯಕೀಯ ಕಾಲೇಜು 1953ರಲ್ಲೇ ಹುಟ್ಟಿತು. ನಮಗೆ ಡಾಕ್ಟರ್ ಎಂದರೆ ಇವತ್ತಿಗೂ ಪಡುವಣ ದಿಕ್ಕು.

ನಾನು ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ಲೆಕ್ಕ ಬರೆದೆ. ವರ್ಷಕ್ಕೆ ಹತ್ತು ಲಕ್ಷದಂತೆ ಐದು ವರ್ಷ ಸಾಲ ಎತ್ತಿದರೆ ಅಸಲು 50 ಲಕ್ಷ. ಇಂಟರ್ನ್‌ಶಿಪ್ ಸೇರಿ ಕೋರ್ಸ್ ಐದೂವರೆ ವರ್ಷ. ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಇಷ್ಟು ಕೇಳಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಕಂತಿಲ್ಲದಿದ್ದರೂ ಬಡ್ಡಿ ಹಣ ಕೊಟ್ಟ ದಿನದಿಂದಲೇ ಓಡುತ್ತದೆ. ಶೇಕಡಾ 10ರ ಸರಳ ಬಡ್ಡಿ ಹಿಡಿದರೂ ಮೊದಲ ವರ್ಷದ ಹತ್ತು ಲಕ್ಷಕ್ಕೆ ಆರೂವರೆ ಲಕ್ಷ, ಎರಡನೆಯದಕ್ಕೆ ಐದೂವರೆ, ಹೀಗೆ ಕೂಡುತ್ತಾ ಹೋದರೆ ಬಡ್ಡಿಯೇ ಇಪ್ಪತ್ತೆರಡೂವರೆ ಲಕ್ಷ. ಒಟ್ಟು 72.5 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಹತ್ತಿರ ಹತ್ತಿರ 78 ಸಾವಿರ ರೂಪಾಯಿ. ಹುಡುಗಿ ಎಂ.ಡಿ. ಓದಬೇಕೆಂದು ಹೊರಟರೆ ಆ ಕಂತನ್ನು ಕಟ್ಟುವುದು ತೋಟ. ಅಷ್ಟು ದೊಡ್ಡ ಸಾಲಕ್ಕೆ ಆಸ್ತಿ ಅಡಮಾನವೂ ಬೇಕು.

ಅಪ್ಪ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. ಮಾತಾಡಲಿಲ್ಲ.

ಮಗಳೇ ಕೇಳಿದಳು: "ಅಜ್ಜಯ್ಯ, ಹಾಗಾದ್ರೆ ದೂರದ ಸರ್ಕಾರಿ ಕಾಲೇಜೆಲ್ಲ ಮೇಲೆ ಬರೀಲಾ?"

ಬರಿ ಎಂದೆ. ಪರೀಕ್ಷಾ ಪ್ರಾಧಿಕಾರದ ಆಯ್ಕೆ ಪಟ್ಟಿ ತುಂಬುವಾಗ ಎರಡು ಸಂಗತಿ ತಲೆಯಲ್ಲಿರಬೇಕು. ಒಂದೇ ಕಾಲೇಜು ಬೇರೆ ಬೇರೆ ಶುಲ್ಕದ ಸೀಟುಗಳಾಗಿ ಪಟ್ಟಿಯಲ್ಲಿ ಬೇರೆ ಬೇರೆ ಕಡೆ ಇರುತ್ತದೆ. ಹೆಸರು ಮಾತ್ರ ನೋಡಿ ಒತ್ತಬಾರದು. ಇನ್ನೊಂದು, ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿತೋ, ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ. ಕಟ್ಟಲಾಗದ ಶುಲ್ಕದ ಸೀಟನ್ನು "ಇರಲಿ, ನೋಡುವ" ಎಂದು ಮೇಲೆ ಬರೆಯುವುದು ಆಟವಲ್ಲ.

ಅವಳ ಹತ್ತಿರ ಗಟ್ಟಿ ಕಾಗದ ಎರಡಿದ್ದವು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಶಾಲೆ, ಅದೂ ಕನ್ನಡ ಮಾಧ್ಯಮ. ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಇಲ್ಲೊಂದು ಕೊಕ್ಕೆಯಿದೆ, ನಮ್ಮ ಮೂರೂ ಊರಿನವರು ಗಮನಿಸಬೇಕು. ಬೆಂಗಳೂರಿನವರ ಕಣ್ಣಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಹಳ್ಳಿಗಳೇ ಇರಬಹುದು. ಆದರೆ ಮೂರೂ ಪಟ್ಟಣ ಪಂಚಾಯಿತಿ. ಅದರ ಗಡಿಯೊಳಗಿನ ಶಾಲೆ ಗ್ರಾಮೀಣ ಅಲ್ಲ. ಐದನೇ ಕ್ಲಾಸಿಗೆ ಮಗುವನ್ನು ಹಳ್ಳಿಯಿಂದ ತಂದು ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಿದ ಪೋಷಕರು ಎರಡೂ ಮೀಸಲಾತಿಯನ್ನು ಅಂದೇ ಬಿಟ್ಟುಕೊಟ್ಟಂತೆ, ಅವರಿಗೆ ತಿಳಿಯದೆಯೇ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಬಿಇಒ ಮೇಲುಸಹಿಯೂ ಬೇಕು. ಸಾಮಾನ್ಯ ವರ್ಗದವರಿಗೆ ಆದಾಯದ ಪ್ರಮಾಣಪತ್ರವೂ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಕೈಕೊಡುವ ನಮ್ಮಲ್ಲಿ ಇವನ್ನೆಲ್ಲ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಕ್ಷೇಮ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ಮನೆಯವರಿಗೂ ಒಂದು ಮಾತು. ಘಟ್ಟದ ಕೆಳಗಿನ ದೊಡ್ಡ ಹಾಸ್ಟೆಲಿನ ಪಿಯು ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟುವ ಮುಂಚೆ ನೀಟ್ ಪ್ರಶ್ನೆಪತ್ರಿಕೆ ಒಮ್ಮೆ ನೋಡಿ. 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರಕ್ಕೆ. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆತ. ನಮ್ಮ ಕಡೆಯ ಮಕ್ಕಳು ಜೀವಶಾಸ್ತ್ರ ಬಾಯಿಪಾಠ ಮಾಡಿ ಭೌತಶಾಸ್ತ್ರದಲ್ಲಿ ಮುಗ್ಗರಿಸುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹತ್ತಿರದ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಉಪನ್ಯಾಸಕರಿದ್ದರೆ, ಮನೆಯೂಟ ತಿಂದು ಅಲ್ಲೇ ಓದುವುದು ನನಗೆ ಸರಿ ಕಾಣುತ್ತದೆ. ಈ ಹುಡುಗಿಯೂ ಕೊಪ್ಪದಲ್ಲೇ ಪಿಯುಸಿ ಮಾಡಿ, ಒಂದೇ ವರ್ಷ ಕೆಳಗೆ ಹೋಗಿ ಕೋಚಿಂಗ್ ಪಡೆದವಳು.

2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು; ದೇಶದ ಎಂ.ಬಿ.ಬಿ.ಎಸ್. ಸೀಟು ಒಂದು ಲಕ್ಷದ ಮೇಲೆ ಸ್ವಲ್ಪ. ಸೀಟು ಸಿಗದ ಮಕ್ಕಳೇ ಹೆಚ್ಚು ಎಂದಾಯಿತು. ಅವರಿಗೆ ಕೊಪ್ಪದಲ್ಲೇ ಆಯುರ್ವೇದ ಕಾಲೇಜಿದೆ, ಅದಕ್ಕೂ ನೀಟ್ ಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಶೃಂಗೇರಿಯ ಜೆಸಿಬಿಎಂ ಕಾಲೇಜಿನಲ್ಲಿ ಕುವೆಂಪು ವಿಶ್ವವಿದ್ಯಾಲಯದ ಪದವಿ ಓದಬಹುದು. ಮೂರನೇ ಸಲ, ನಾಲ್ಕನೇ ಸಲ ನೀಟ್ ಬರೆಸಿ ಮಕ್ಕಳ ಮುಖ ಬಾಡಿಸುವುದಕ್ಕಿಂತ ಇವೆಲ್ಲ ವಾಸಿ.

ಆ ಹುಡುಗಿ ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಮೊದಲು ಬರೆದು, ಆಮೇಲೆ ಕಾರವಾರ, ಗದಗ ಎಂದು ರಾಜ್ಯದ ಸರ್ಕಾರಿ ಕಾಲೇಜುಗಳನ್ನೆಲ್ಲ ಬರೆದಳು. ಎರಡನೇ ಸುತ್ತಿನಲ್ಲಿ ಸಿಕ್ಕಿದ್ದು ಕೊಪ್ಪಳ. "ಕೊಪ್ಪಕ್ಕೂ ಕೊಪ್ಪಳಕ್ಕೂ ಒಂದೇ ಅಕ್ಷರ ವ್ಯತ್ಯಾಸ. ಬಸ್ಸಿನಲ್ಲಿ ಮಾತ್ರ ಒಂದು ರಾತ್ರಿ" ಎಂದು ಅಪ್ಪ ಫೋನಿನಲ್ಲಿ ನಕ್ಕರೂ ದನಿ ಸಣ್ಣಗಿತ್ತು. ಬಿಸಿಲಿನ ಊರು, ಊಟಕ್ಕೆ ಜೋಳದ ರೊಟ್ಟಿ, ಮಳೆಯ ಸದ್ದಿಲ್ಲದೆ ನಿದ್ದೆ ಬರುತ್ತದೋ ಇಲ್ಲವೋ ಎಂಬುದು ತಾಯಿಯ ಚಿಂತೆ. ಒಂದು ಡಬ್ಬಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿ ಕಳಿಸಿದರು.

ಶುಲ್ಕ, ಹಾಸ್ಟೆಲ್, ಪುಸ್ತಕಕ್ಕೆ ಮನೆಯ ಉಳಿತಾಯ ಕಳೆದು ಬೇಕಾದ ಸಾಲ ನಾಲ್ಕು ಲಕ್ಷ. ಅಷ್ಟಕ್ಕೆ ಅಡಮಾನ ಬೇಡ. ಬ್ಯಾಂಕಿನಲ್ಲಿ ಮಗಳ ಜೊತೆ ಅಪ್ಪ ಸಹಿ ಹಾಕಿದರು. ಚೀಲದಲ್ಲಿ ತಂದಿದ್ದ ತೋಟದ ಪಹಣಿಯನ್ನು ಯಾರೂ ಕೇಳಲಿಲ್ಲ.