ಸೈಲೊ ತಳಪಾಯದ ಬಿರುಕು: ಆಳ ತಿಳಿಯುವುದು ಹೇಗೆ?

ಧಾನ್ಯ, ಸಿಮೆಂಟು ಮೊದಲಾದವನ್ನು ಸಂಗ್ರಹಿಸುವ ಎತ್ತರದ ಗೋಪುರವೇ ಸೈಲೊ. ಅದನ್ನು ತುಂಬಿದಂತೆ, ಬರಿದು ಮಾಡಿದಂತೆ ತಳಪಾಯದ ಮೇಲಿನ ಹೊರೆ ಬದಲಾಗುತ್ತಿರುತ್ತದೆ. 1913ರಲ್ಲಿ ಕೆನಡಾದ ಟ್ರಾನ್ಸ್‌ಕೋನಾದಲ್ಲಿ ಹೊಸ ಧಾನ್ಯ ಸಂಗ್ರಹಾಗಾರವೊಂದು ತುಂಬುತ್ತಿದ್ದಾಗಲೇ ಕುಸಿದು ಸುಮಾರು 27 ಡಿಗ್ರಿ ವಾಲಿತು. ಅಡಿಯ ಜೇಡಿಮಣ್ಣು ಹೊರೆಯನ್ನು ತಾಳಿರಲಿಲ್ಲ.

ಮಣ್ಣು ಒಂದೆಡೆ ಹೆಚ್ಚು ಕುಸಿಯತೊಡಗಿದರೆ ಅದರ ಸುಳಿವು ತಳಪಾಯದ ಬಿರುಕಿನಲ್ಲಿ ಕಾಣಬಹುದು. ಆದ್ದರಿಂದ ಬಿರುಕು ಬೆಳೆಯುತ್ತಿದೆಯೇ, ಎಷ್ಟು ಆಳವಿದೆ ಎಂಬೆರಡನ್ನೂ ತಿಳಿಯಬೇಕು.

ಬಿರುಕಿನ ಎರಡೂ ಬದಿಗೆ ಗುರುತು ಅಂಟಿಸಿ, ಸೈಲೊ ತುಂಬಿದಾಗ ಮತ್ತು ಬರಿದಾದಾಗ ಅವುಗಳ ಅಂತರವನ್ನು ಹಲವು ತಿಂಗಳು ಅಳೆಯುತ್ತಾರೆ. ಕಾಂಕ್ರೀಟು ಒಣಗಿ ಕುಗ್ಗಿದ್ದರಿಂದ ಹಿಂದೆಂದೋ ಆದ ಬಿರುಕು ಹೆಚ್ಚು ಬದಲಾಗದು. ಕುಸಿತ ಮುಂದುವರಿದಿದ್ದರೆ ಬಿರುಕು ಅಗಲವಾಗುತ್ತ ಹೋಗುತ್ತದೆ.

ಆಳವನ್ನು ತಿಳಿಯಲು ಶ್ರವಣಾತೀತ ಧ್ವನಿ ನೆರವಾಗುತ್ತದೆ. ಪ್ರೇಷಕ ಮತ್ತು ಗ್ರಾಹಕಗಳನ್ನು ಬಿರುಕಿನ ಆಚೀಚೆ 150 ಮಿ.ಮೀ. ದೂರದಲ್ಲಿ ಇಡೋಣ. ಬಿರುಕಿನೊಳಗಿನ ಗಾಳಿಯನ್ನು ಧ್ವನಿ ದಾಟಲಾರದು. ಬಿರುಕಿನ ಕೆಳತುದಿಯನ್ನು ಬಳಸಿಕೊಂಡು ಬರುತ್ತದೆ. ಕಾಂಕ್ರೀಟಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ 4 ಕಿ.ಮೀ. ಎಂದಿರಲಿ. ಬಿರುಕಿಲ್ಲದ ಕಡೆ 300 ಮಿ.ಮೀ. ಕ್ರಮಿಸಲು 75 ಮೈಕ್ರೊಸೆಕೆಂಡು ಸಾಕು. ಬಿರುಕಿರುವಲ್ಲಿ 125 ಮೈಕ್ರೊಸೆಕೆಂಡು ಹಿಡಿದರೆ, ಧ್ವನಿ ಕ್ರಮಿಸಿದ ದೂರ 500 ಮಿ.ಮೀ., ಅದರ ಅರ್ಧ 250 ಮಿ.ಮೀ. ಲಂಬಕೋನ ತ್ರಿಭುಜದ ಕರ್ಣ 250, ಪಾದ 150 ಆದರೆ ಪೈಥಾಗೊರಸನ ಪ್ರಮೇಯದಂತೆ ಲಂಬ 200. ಅಂದರೆ ಬಿರುಕಿನ ಆಳ 200 ಮಿ.ಮೀ.

ಬಿರುಕಿನಲ್ಲಿ ನೀರು ತುಂಬಿದ್ದರೆ ಧ್ವನಿ ಅದರ ಮೂಲಕವೇ ದಾಟುವುದರಿಂದ ಆಳ ಕಡಿಮೆಯೆಂದು ತೋರುತ್ತದೆ. ಅಡ್ಡಹಾಯ್ದ ಕಬ್ಬಿಣದ ಸರಳೂ ಹೀಗೆಯೇ ದಾರಿ ತಪ್ಪಿಸಬಲ್ಲದು. ಈ ಪರೀಕ್ಷೆಗಳಿಗೆ ಮೊದಲೇ ಬಿರುಕಿಗೆ ಸಿಮೆಂಟು ಮೆತ್ತಿದರೆ, ಮಣ್ಣು ಕೊಡುತ್ತಿರುವ ಮುನ್ಸೂಚನೆ ಕಣ್ಮರೆಯಾಗುತ್ತದೆ.