ಒಂದು ಮತದ ಬಾಕಿ: ಹತ್ತೊಂಬತ್ತು ವರ್ಷಗಳ ಲೆಕ್ಕ

ದಿನದ ವಹಿವಾಟು ಮುಗಿದ ಮೇಲೆ ಕಿರ್ದಿಯ ಮೊತ್ತಕ್ಕೂ ಪೆಟ್ಟಿಗೆಯಲ್ಲಿರುವ ನಗದಿಗೂ ಒಂದು ರೂಪಾಯಿ ವ್ಯತ್ಯಾಸ ಬಂದರೆ ಅನುಭವವುಳ್ಳ ಗುಮಾಸ್ತನು ತನ್ನ ಕೈಯಿಂದ ಆ ರೂಪಾಯಿಯನ್ನು ಹಾಕಿ ಲೆಕ್ಕ ಮುಗಿಸುವುದಿಲ್ಲ. ಬೆಳಗಿನಿಂದ ಬರೆದ ಪ್ರತಿಯೊಂದು ಬಾಬನ್ನೂ ಮತ್ತೊಮ್ಮೆ ನೋಡುತ್ತಾನೆ. ಒಂದು ರೂಪಾಯಿ ಸಣ್ಣದು. ಆದರೆ ಅದು ಎಲ್ಲಿ ತಪ್ಪಿತು ಎಂಬ ಪ್ರಶ್ನೆ ಸಣ್ಣದಲ್ಲ. ವರ್ತಕ ಸಮುದಾಯಕ್ಕೆ ಸಹಜವಾದ ಈ ಎಚ್ಚರವು ಮತದಾನದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಕಾಣುವುದು ಅಪರೂಪ. "ನಮ್ಮದೊಂದು ಮತದಿಂದ ಏನಾದೀತು?" ಎಂಬ ಮಾತು ಪೇಟೆಬೀದಿಯಲ್ಲಿ ಪ್ರತಿ ಚುನಾವಣೆಯಲ್ಲಿಯೂ ಕೇಳಿಬರುತ್ತದೆ. ಈ ಪ್ರಶ್ನೆಗೆ ನಮ್ಮ ಚಾಮರಾಜನಗರ ಜಿಲ್ಲೆಯೇ ಉತ್ತರ ಕೊಟ್ಟಿದೆ. ಆ ಉತ್ತರ ಅಡಗಿರುವುದು ಶ್ರೀ ಎ.ಆರ್. ಕೃಷ್ಣಮೂರ್ತಿ ಅವರ ರಾಜಕೀಯ ಜೀವನದಲ್ಲಿ.

ಯಾವುದೇ ಪಕ್ಷದ ಪರವಾಗಿ ಅಥವಾ ವಿರೋಧವಾಗಿ ಈ ಲೇಖನವನ್ನು ಬರೆದಿಲ್ಲ. ಒಬ್ಬ ಶಾಸಕರ ಏಳುಬೀಳುಗಳಿಂದ ಸಣ್ಣ ಉದ್ದಿಮೆದಾರರೂ ವರ್ತಕರೂ ಏನನ್ನು ಗ್ರಹಿಸಬಹುದು ಎಂಬುದಷ್ಟೇ ಇಲ್ಲಿನ ವಿಚಾರ.

ಮನೆತನ ಮತ್ತು ಕ್ಷೇತ್ರ

ಚಾಮರಾಜನಗರ ತಾಲ್ಲೂಕಿನ ಆಲೂರಿನವರಾದ ದಿವಂಗತ ಬಿ. ರಾಚಯ್ಯನವರ ಹೆಸರನ್ನು ಈ ಭಾಗದಲ್ಲಿ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ರಾಜ್ಯದಲ್ಲಿ ಸಚಿವರಾಗಿ, 1977ರಲ್ಲಿ ಚಾಮರಾಜನಗರದಿಂದ ಲೋಕಸಭಾ ಸದಸ್ಯರಾಗಿ, 1990ರಲ್ಲಿ ಹಿಮಾಚಲ ಪ್ರದೇಶದ ರಾಜ್ಯಪಾಲರಾಗಿ, ತದನಂತರ 1995ರವರೆಗೆ ಕೇರಳದ ರಾಜ್ಯಪಾಲರಾಗಿ ಅವರು ಸೇವೆ ಸಲ್ಲಿಸಿದರು. ಅವರ ಪುತ್ರರೇ ಆಲೂರು ರಾಚಯ್ಯ ಕೃಷ್ಣಮೂರ್ತಿ. 1990ರ ದಶಕದಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಿಂದ ವಿಧಾನಸಭೆಯನ್ನು ಪ್ರವೇಶಿಸಿದ ಅವರು ತಂದೆಯ ಹೆಸರಿನ ಬಲದೊಡನೆ ತಮ್ಮದೇ ಆದ ಸ್ಥಾನವನ್ನೂ ಗಳಿಸಿಕೊಂಡಿದ್ದರು.

ಆಗಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಯಳಂದೂರು ತಾಲ್ಲೂಕು ಸೇರಿತ್ತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಪ್ರದೇಶ ಇದು. ಇಲ್ಲಿನ ಅಗರ ಮತ್ತು ಅದಕ್ಕೆ ಹೊಂದಿಕೊಂಡ ಮಾಂಬಳ್ಳಿ ಜೋಡಿ ಊರುಗಳು. ಭತ್ತ, ಕಬ್ಬು, ತೆಂಗು, ರೇಷ್ಮೆ ಇವುಗಳ ಸುತ್ತಲೇ ಇಲ್ಲಿನ ಬದುಕು ನಡೆಯುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳು, ನೂಲನ್ನು ಕೊಂಡು ಮಾರುವವರು, ಕೊಳ್ಳೇಗಾಲದ ಮಗ್ಗಗಳ ನೇಕಾರರು ಒಂದೇ ಸರಪಣಿಯ ಕೊಂಡಿಗಳಂತೆ ಒಬ್ಬರನ್ನೊಬ್ಬರು ಅವಲಂಬಿಸಿದ್ದಾರೆ. ಇಂತಹ ಪ್ರದೇಶದ ಶಾಸಕರು ಯಾರು ಎಂಬುದು ಪೇಟೆಗೆ ಸಂಬಂಧವಿಲ್ಲದ ವಿಷಯವಲ್ಲ.

2004ರ ಮೇ 13

ಆ ವರ್ಷ ಲೋಕಸಭೆಗೂ ರಾಜ್ಯ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ಸಂತೇಮರಹಳ್ಳಿಯಲ್ಲಿ ಜನತಾದಳ (ಜಾತ್ಯತೀತ) ಅಭ್ಯರ್ಥಿಯಾಗಿ ಕೃಷ್ಣಮೂರ್ತಿಯವರೂ, ಕಾಂಗ್ರೆಸ್ ಅಭ್ಯರ್ಥಿಯಾಗಿ ಹೆಗ್ಗವಾಡಿಯ ಆರ್. ಧ್ರುವನಾರಾಯಣ ಅವರೂ ಎದುರಾದರು. ಕೃಷಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ಧ್ರುವನಾರಾಯಣ ಅವರು 1999ರಲ್ಲಿ ಇದೇ ಕ್ಷೇತ್ರದಲ್ಲಿ ಭಾರತೀಯ ಜನತಾ ಪಕ್ಷದಿಂದ ಸ್ಪರ್ಧಿಸಿ ಸೋತಿದ್ದರು.

ಮತ ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿಯವರಿಗೆ 40,751 ಮತಗಳು ಬಂದಿದ್ದವು. ಇಬ್ಬರಿಗೂ ಸೇರಿ ಬಿದ್ದ 81,503 ಮತಗಳಲ್ಲಿ ಒಂದೇ ಒಂದು ಮತ ಕ್ಷೇತ್ರದ ಪ್ರಾತಿನಿಧ್ಯವನ್ನು ತೀರ್ಮಾನಿಸಿತು.

ಚುನಾವಣೆಯ ದಿನದ ಓಡಾಟದಲ್ಲಿ ಕೃಷ್ಣಮೂರ್ತಿಯವರ ವಾಹನ ಚಾಲಕನಿಗೇ ಮತ ಚಲಾಯಿಸಲು ಆಗಲಿಲ್ಲವೆಂಬ ಸಂಗತಿ ಅಂದಿನಿಂದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗುತ್ತಲೇ ಬಂದಿದೆ. ಜನರೂ ಅದನ್ನು ಕತೆಯಂತೆ ಹೇಳುತ್ತಾರೆ. ಲೆಕ್ಕ ಬಲ್ಲ ನಮ್ಮ ಓದುಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆ ಚಾಲಕನ ಮತ ಬಿದ್ದಿದ್ದರೂ ಕೃಷ್ಣಮೂರ್ತಿಯವರು ಗೆದ್ದಂತೆ ಆಗುತ್ತಿರಲಿಲ್ಲ; ಎರಡೂ ಕಡೆ 40,752 ಆಗಿ ತಕ್ಕಡಿ ಸಮನಾಗುತ್ತಿತ್ತು. ಹಾಗೆ ಸಮನಾದರೆ ಚೀಟಿ ಎತ್ತಿ ಫಲಿತಾಂಶ ನಿರ್ಣಯಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 65ನೇ ಕಲಮು ಹೇಳುತ್ತದೆ. ಚೀಟಿಯ ಆಟವಿಲ್ಲದೆ ಗೆಲ್ಲಲು ಅವರಿಗೆ ಇನ್ನೂ ಎರಡು ಮತಗಳು ಬೇಕಾಗಿದ್ದವು, ಇಲ್ಲವೇ ಎದುರಾಳಿಗೆ ಬಿದ್ದ ಒಂದು ಮತ ತಮ್ಮ ಕಡೆಗೆ ತಿರುಗಬೇಕಾಗಿತ್ತು. ಆದ್ದರಿಂದ ಸೋಲಿನ ಹೊಣೆಯನ್ನು ಒಬ್ಬ ಚಾಲಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂದು ಮತಗಟ್ಟೆಗೆ ಹೋಗದೆ ಅಂಗಡಿಯಲ್ಲೇ ಕುಳಿತ, ಬೇರೆ ಊರಿಗೆ ವಸೂಲಿಗೆ ಹೋದ, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಮೊದಲೇ ನೋಡದ ಪ್ರತಿಯೊಬ್ಬರಿಗೂ ಆ ಫಲಿತಾಂಶದಲ್ಲಿ ಪಾಲಿದೆ.

ಇಂತಹ ಪ್ರಸಂಗ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1999ರ ಏಪ್ರಿಲ್ 17ರಂದು ಲೋಕಸಭೆಯಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270 ಮತಗಳಿಂದ ವಿಶ್ವಾಸಮತ ಕಳೆದುಕೊಂಡಿತು. 2008ರಲ್ಲಿ ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಸಿ.ಪಿ. ಜೋಶಿಯವರು ಒಂದೇ ಮತದಿಂದ ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ ಕೇವಲ 16 ಮತಗಳು.

ಮತ್ತೆರಡು ಮುಖಾಮುಖಿ

ಸೋತವರ ಮುಂದಿನ ನಡೆಯೇ ಈ ಚರಿತ್ರೆಯ ಮುಖ್ಯ ಭಾಗ. 2008ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆಯಾಗಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯಿತು. ಯಳಂದೂರು ತಾಲ್ಲೂಕು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. ಅಂದರೆ ಒಂದು ಮತದಿಂದ ಕಳೆದುಕೊಂಡ ಸ್ಥಾನವನ್ನು ಅದೇ ಹೆಸರಿನ ಕ್ಷೇತ್ರದಲ್ಲಿ ಮರಳಿ ಪಡೆಯುವ ದಾರಿ ಶಾಶ್ವತವಾಗಿ ಮುಚ್ಚಿತು. ಹೊಸ ಕೊಳ್ಳೇಗಾಲದಿಂದ ಆ ವರ್ಷ ಧ್ರುವನಾರಾಯಣ ಅವರು ಆಯ್ಕೆಯಾದರು.

ಮರುವರ್ಷವೇ, ಅಂದರೆ 2009ರಲ್ಲಿ, ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಇಬ್ಬರೂ ಮತ್ತೆ ಎದುರಾದರು. ಕೃಷ್ಣಮೂರ್ತಿಯವರು ಆಗ ಬಿಜೆಪಿ ಅಭ್ಯರ್ಥಿ. ಧ್ರುವನಾರಾಯಣ ಅವರಿಗೆ 3,69,970, ಕೃಷ್ಣಮೂರ್ತಿಯವರಿಗೆ 3,65,968 ಮತಗಳು ಬಂದವು, ಅಂತರ 4,002. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿ ನೋಡಿದರೆ ಪ್ರತಿ ಕ್ಷೇತ್ರಕ್ಕೆ ಐನೂರು ಮತಗಳಷ್ಟೇ. 2014ರಲ್ಲಿ ಮೂರನೆಯ ಬಾರಿಗೆ ಅದೇ ಇಬ್ಬರು ಕಣಕ್ಕಿಳಿದರು. ಈ ಸಲ ಅಂತರ 1,41,182.

ಒಂದು, ನಾಲ್ಕು ಸಾವಿರದ ಎರಡು, ಒಂದು ಲಕ್ಷ ನಲವತ್ತೊಂದು ಸಾವಿರದ ನೂರ ಎಂಬತ್ತೆರಡು: ಒಬ್ಬರೇ ಎದುರಾಳಿಯ ಮುಂದೆ ಮೂರು ಸೋಲುಗಳು. ಒಂದು ಮತದಿಂದ ಗೆದ್ದವರು ಅದನ್ನು ಅದೃಷ್ಟವೆಂದು ಸುಮ್ಮನಿರಲಿಲ್ಲ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಸಣ್ಣ ಬಂಡವಾಳದಿಂದ ಆರಂಭಿಸಿ ವ್ಯಾಪಾರವನ್ನು ವಿಸ್ತರಿಸಿದವರಂತೆ ಅವರು ಪ್ರತಿ ಚುನಾವಣೆಯಲ್ಲಿಯೂ ಅಂತರವನ್ನು ಹೆಚ್ಚಿಸಿಕೊಂಡರು.

ಆದರೆ ರಾಜಕೀಯದಲ್ಲಿಯೂ ಲಾಭವು ಕಾಯಂ ಅಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಧ್ರುವನಾರಾಯಣ ಅವರು ವಿ. ಶ್ರೀನಿವಾಸಪ್ರಸಾದ್ ಅವರೆದುರು 1,817 ಮತಗಳಿಂದ ಪರಾಭವಗೊಂಡರು. ಐದು ವರ್ಷಗಳ ಹಿಂದಿನ ಒಂದೂವರೆ ಲಕ್ಷದ ಸನಿಹದ ಮುನ್ನಡೆ ಪೂರ್ತಿಯಾಗಿ ಕರಗಿತ್ತು.

ಮರಳಿ ಸದನಕ್ಕೆ

ಈ ನಡುವೆ ಕೃಷ್ಣಮೂರ್ತಿಯವರು ತಮ್ಮ ದೀರ್ಘಕಾಲದ ಎದುರಾಳಿಯಿದ್ದ ಕಾಂಗ್ರೆಸ್ ಪಕ್ಷವನ್ನೇ ಸೇರಿದರು. 2018ರಲ್ಲಿ ಕೊಳ್ಳೇಗಾಲದಿಂದ ಸ್ಪರ್ಧಿಸಿದಾಗ ಬಹುಜನ ಸಮಾಜ ಪಕ್ಷದ ಎನ್. ಮಹೇಶ್ ಅವರು 71,792 ಮತಗಳನ್ನು ಪಡೆದು 19,454 ಮತಗಳ ಅಂತರದಿಂದ ಗೆದ್ದರು. ಮಹೇಶ್ ಅವರು ಆ ವರ್ಷ ಕೆಲವು ತಿಂಗಳ ಕಾಲ ಶಿಕ್ಷಣ ಸಚಿವರೂ ಆಗಿದ್ದರು. 2019ರಲ್ಲಿ ತಮ್ಮ ಪಕ್ಷದಿಂದ ಉಚ್ಚಾಟಿತರಾಗಿ, 2021ರಲ್ಲಿ ಬಿಜೆಪಿ ಸೇರಿದರು.

2023ರ ಮಾರ್ಚ್ 11ರಂದು ಧ್ರುವನಾರಾಯಣ ಅವರು ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ಎರಡು ತಿಂಗಳ ಬಳಿಕ ನಡೆದ ಚುನಾವಣೆಯಲ್ಲಿ ಅವರ ಪುತ್ರ ದರ್ಶನ್ ಅವರು ನಂಜನಗೂಡಿನಿಂದ ಗೆದ್ದರು. ಕೊಳ್ಳೇಗಾಲದಲ್ಲಿ ಕೃಷ್ಣಮೂರ್ತಿಯವರು 1,08,363 ಮತಗಳನ್ನು ಪಡೆದು ಮಹೇಶ್ ಅವರನ್ನು 59,519 ಮತಗಳ ಅಂತರದಿಂದ ಸೋಲಿಸಿದರು. ಫಲಿತಾಂಶ ಹೊರಬಿದ್ದದ್ದು 2023ರ ಮೇ 13ರಂದು. ಒಂದು ಮತದ ಸೋಲು ಬಂದದ್ದೂ ಮೇ 13ರಂದೇ. ನಡುವೆ ಸರಿಯಾಗಿ ಹತ್ತೊಂಬತ್ತು ವರ್ಷಗಳು ಕಳೆದಿದ್ದವು.

ಈ ಅವಧಿಯಲ್ಲಿ ಇಬ್ಬರೂ ಪಕ್ಷ ಬದಲಿಸಿದ್ದುಂಟು. ಅದರ ಸರಿತಪ್ಪುಗಳನ್ನು ಮತದಾರರು ತೂಗಿ ನೋಡಿದ್ದಾರೆ. ನಾವು ಗಮನಿಸಬೇಕಾದದ್ದು ಇನ್ನೊಂದು ವಿಷಯವನ್ನು. 2004ರಲ್ಲಿ ಒಂದು ಮತದಿಂದ ಗೆದ್ದವರಿಗೂ 2023ರಲ್ಲಿ ಅರವತ್ತು ಸಾವಿರದ ಸನಿಹದ ಅಂತರದಿಂದ ಗೆದ್ದವರಿಗೂ ಸದನದಲ್ಲಿ ದೊರೆತದ್ದು ಒಂದೇ ಆಸನ, ಪ್ರಶ್ನೆ ಕೇಳುವ ಒಂದೇ ಹಕ್ಕು. ಗೆಲುವಿನ ಅಂತರ ಎಷ್ಟೇ ಇದ್ದರೂ ಅಧಿಕಾರ ಹಿಗ್ಗುವುದಿಲ್ಲ, ಕುಗ್ಗುವುದೂ ಇಲ್ಲ.

ಪೇಟೆಯ ಮನವಿ ಎಲ್ಲಿಗೆ ಹೋಗುತ್ತದೆ?

ಅಗರ ಗ್ರಾಮದ ಒಬ್ಬ ರೀಲರ್ ಅಥವಾ ಕಿರಾಣಿ ವರ್ತಕನ ದೃಷ್ಟಿಯಿಂದ ಇದೇ ಅವಧಿಯನ್ನು ನೋಡೋಣ. 2004ರಲ್ಲಿ ಆತ ಸಂತೇಮರಹಳ್ಳಿ ಕ್ಷೇತ್ರದ ಮತದಾರ, 2008ರಿಂದ ಕೊಳ್ಳೇಗಾಲದವನು. ಆತನ ಶಾಸಕರಾಗಿ ಮೊದಲು ಧ್ರುವನಾರಾಯಣ ಬಂದರು. 2009ರ ಉಪಚುನಾವಣೆಯಲ್ಲಿ ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ, 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ, 2018ರಲ್ಲಿ ಮಹೇಶ್, 2023ರಲ್ಲಿ ಕೃಷ್ಣಮೂರ್ತಿ ಬಂದರು. ಎರಡು ದಶಕಗಳಲ್ಲಿ ಐವರು ಶಾಸಕರು, ಎರಡು ಕ್ಷೇತ್ರಗಳು, ಮೂರು ಪಕ್ಷಗಳು.

ಒಬ್ಬರಿಗೆ ಕೊಟ್ಟ ಮನವಿ ಅವರೊಡನೆಯೇ ಕಚೇರಿಯಿಂದ ಹೊರಟುಹೋಗುತ್ತದೆ. ಹೊಸಬರು ಬಂದಾಗ ಹಾರ ಹಾಕಿ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ರಸ್ತೆಯ ಬೇಡಿಕೆಯಾಗಲಿ, ವಿದ್ಯುತ್ ವ್ಯತ್ಯಯದ ದೂರಾಗಲಿ, ರೇಷ್ಮೆ ಇಲಾಖೆಯ ಸಹಾಯಧನದ ವಿಷಯವಾಗಲಿ ಐದು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟಿದಂತೆ ಕಾಣುವುದು ಈ ಕಾರಣದಿಂದ. ವ್ಯಕ್ತಿಯ ಪರಿಚಯವನ್ನು ನೆಚ್ಚಿಕೊಂಡ ಸಂಘ ಪ್ರತಿ ಬಾರಿಯೂ ನಷ್ಟ ಅನುಭವಿಸುತ್ತದೆ. ಕಡತವನ್ನು ನೆಚ್ಚಿಕೊಂಡ ಸಂಘ ತನ್ನ ಬಾಕಿಯನ್ನು ಮುಂದಿನ ಪುಟಕ್ಕೆ ಒಯ್ಯುತ್ತದೆ.

ಯಾವ ಬೇಡಿಕೆಯನ್ನು ಯಾರ ಮುಂದಿಡಬೇಕು ಎಂಬ ವಿವೇಚನೆಯೂ ಅಗತ್ಯ. 2011-12ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಲಾಯಿತು, 2013-14ರಲ್ಲಿ ಅದನ್ನು ಶೇ. 15ಕ್ಕೆ ಏರಿಸಲಾಯಿತು. ಗೂಡಿನ ಬೆಲೆಯನ್ನೂ ರೀಲರುಗಳ ದುಡಿಮೆಯನ್ನೂ ತಟ್ಟಿದ ಈ ತೀರ್ಮಾನ ದೆಹಲಿಯದು. ಅದನ್ನು ಸಂಸದರ ಮುಂದಿಡಬೇಕೇ ಹೊರತು ಶಾಸಕರನ್ನು ದೂರಿ ಪ್ರಯೋಜನವಿಲ್ಲ. ತಾಲ್ಲೂಕು ಮಟ್ಟದ ಇಲಾಖೆಗಳ ಕೆಲಸ ನಿಂತಿದ್ದರೆ ಅದು ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ಕೆ.ಡಿ.ಪಿ. ಪ್ರಗತಿ ಪರಿಶೀಲನಾ ಸಭೆಗೆ ಬರಬೇಕಾದ ವಿಷಯ. ರಾಜ್ಯದ ನೀತಿಯಲ್ಲಿ ಬದಲಾವಣೆ ಬೇಕಾದರೆ ಶಾಸಕರು ಸದನದಲ್ಲಿ ಪ್ರಶ್ನೆಯ ಮೂಲಕ ಕೇಳಬಹುದು. ಅಂಕಿಅಂಶಗಳೊಡನೆ ಸಿದ್ಧಪಡಿಸಿದ ಒಂದು ಪುಟದ ಟಿಪ್ಪಣಿ ಅವರ ಕೈಯಲ್ಲಿದ್ದರೆ ಆ ಪ್ರಶ್ನೆಗೆ ಬಲ ಬರುತ್ತದೆ.

ವರ್ತಕ ಬಂಧುಗಳಲ್ಲಿ ವಿನಂತಿ

ಸಂತೇಮರಹಳ್ಳಿಯ ಫಲಿತಾಂಶವನ್ನು ಕುತೂಹಲದ ಸಂಗತಿಯಾಗಿ ಹೇಳಿ ಮರೆಯುವುದಕ್ಕಿಂತ ಅದರಿಂದ ಕೆಲವು ಪದ್ಧತಿಗಳನ್ನು ರೂಢಿಸಿಕೊಳ್ಳುವುದು ಮೇಲು. ಮತದಾರರ ಪಟ್ಟಿ ಪರಿಷ್ಕರಣೆಯಾಗುವಾಗ ಪ್ರತಿಯೊಬ್ಬ ಮಾಲೀಕರೂ ತಮ್ಮ ಮನೆಯವರ ಹೆಸರಿನೊಂದಿಗೆ ತಮ್ಮಲ್ಲಿ ದುಡಿಯುವ ಗುಮಾಸ್ತರು, ಹಮಾಲರು, ಚಾಲಕರು, ಮಗ್ಗದ ಕೆಲಸಗಾರರ ಹೆಸರೂ ಇದೆಯೇ ಎಂದು ವಿಚಾರಿಸಬೇಕು. ಮತದಾನದ ದಿನ ವೇತನಸಹಿತ ರಜೆ ನೀಡಬೇಕೆಂಬುದು ಕಾನೂನಿನ ಕಟ್ಟಳೆ. ಅದನ್ನು ಮನಃಪೂರ್ವಕವಾಗಿ ಪಾಲಿಸಬೇಕು. ಅವರು ಯಾರಿಗೆ ಮತ ಹಾಕುತ್ತಾರೆಂದು ಕೇಳುವ ಅಧಿಕಾರ ನಮಗಿಲ್ಲ. ಹಾಕಲು ಬಿಡುವು ಕೊಡುವ ಹೊಣೆ ನಮ್ಮದು.

ಪ್ರತಿ ಊರಿನ ವರ್ತಕರ ಸಂಘವೂ ಬೇಡಿಕೆಗಳ ಒಂದು ಖಾತೆಯನ್ನು ತೆರೆಯಲಿ. ಯಾವ ದಿನಾಂಕದಂದು, ಯಾರಿಗೆ, ಯಾವ ಮನವಿ ಕೊಡಲಾಯಿತು, ಏನು ಉತ್ತರ ಬಂತು ಎಂಬುದನ್ನು ಅದರಲ್ಲಿ ಬರೆದಿಡಲಿ. ಶಾಸಕರು ಬದಲಾದ ತಿಂಗಳೊಳಗೆ ಆ ಖಾತೆಯ ಪ್ರತಿ ಹೊಸಬರ ಕೈಸೇರಲಿ. ಗೆದ್ದವರಿಗೂ ಸೋತವರಿಗೂ ಒಂದೊಂದು ಪ್ರತಿ ಕೊಡುವುದು ಇನ್ನೂ ಒಳ್ಳೆಯದು. ಇಂದು ಸೋತವರು ನಾಳೆ ಆ ಕುರ್ಚಿಯಲ್ಲಿ ಕೂರಬಹುದೆಂಬುದಕ್ಕೆ ನಮ್ಮ ಕ್ಷೇತ್ರಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.