ಮೂವತ್ತೊಂದು ಗೋಲು ತಿಂದವರ ಕಥೆ

ಸೋಲೋದರಲ್ಲೂ ವರ್ಲ್ಡ್ ರೆಕಾರ್ಡ್ ಮಾಡಬಹುದೇ? ಮಾಡಬಹುದು ಸ್ವಾಮಿ, ಮಾಡಿದವರಿದ್ದಾರೆ! 2001ರ ಏಪ್ರಿಲ್ 11ರಂದು ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್ ಎಂಬ ಸಮುದ್ರದಂಚಿನ ಊರಿನಲ್ಲಿ ನಡೆದ ಪಂದ್ಯ. ಆಸ್ಟ್ರೇಲಿಯಾ 31, ಅಮೆರಿಕನ್ ಸಮೋವಾ ಸೊನ್ನೆ. ಕಬಡ್ಡಿ ಸ್ಕೋರ್ ಅಲ್ಲ, ವಾಲಿಬಾಲ್ ಅಲ್ಲ. ಫುಟ್‌ಬಾಲ್! ತೊಂಬತ್ತು ನಿಮಿಷದ ಆಟದಲ್ಲಿ ಮೂರು ನಿಮಿಷಕ್ಕೊಂದರಂತೆ ಗೋಲು.

ಸಿನಿಮಾ ಪತ್ರಿಕೆಯಲ್ಲಿ ಕಾಲ್ಚೆಂಡಿಗೇನು ಕೆಲಸ ಅಂತ ನೀವು ಹುಬ್ಬೇರಿಸೋದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಈ ಸೋತ ತಂಡದ ಮೇಲೆ ಒಂದಲ್ಲ, ಎರಡು ಚಿತ್ರಗಳು ಬಂದಿವೆ. ಒಂದು 2014ರ ಸಾಕ್ಷ್ಯಚಿತ್ರ, ಇನ್ನೊಂದು 2023ರ ಹಾಲಿವುಡ್ ಚಿತ್ರ. ಎರಡಕ್ಕೂ ಒಂದೇ ಹೆಸರು, 'ನೆಕ್ಸ್ಟ್ ಗೋಲ್ ವಿನ್ಸ್'. ಹೊತ್ತು ಮುಳುಗಿ ಮನೆಗೆ ಹೋಗೋ ಸಮಯವಾದಾಗ ಬೀದಿ ಹುಡುಗರು ಸ್ಕೋರನ್ನೆಲ್ಲ ಮರೆತು, "ಇನ್ನೊಂದು ಗೋಲು ಹೊಡೆದವರೇ ಗೆದ್ದ ಹಾಗೆ" ಅಂತ ಮಾತಾಡಿಕೊಳ್ಳುತ್ತಾರಲ್ಲ, ಅದೇ. ನಾನು ಎರಡನ್ನೂ ನೋಡಿದ್ದೇನೆ. ಯಾವುದು ಹೆಚ್ಚು, ಯಾವುದು ಕಡಿಮೆ ಅನ್ನೋ ಪಂಚಾಯ್ತಿ ಆಮೇಲೆ. ಮೊದಲು ನಿಜದ ಕಥೆ.

ಅಮೆರಿಕನ್ ಸಮೋವಾ ಎಲ್ಲಿದೆ? ದಕ್ಷಿಣ ಪೆಸಿಫಿಕ್ ಸಾಗರದ ನಡುವೆ. ಒಟ್ಟು ವಿಸ್ತೀರ್ಣ ಸುಮಾರು 199 ಚದರ ಕಿಲೋಮೀಟರ್. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಐವತ್ತು ಸಾವಿರದೊಳಗೆ. ದೊಡ್ಡ ದ್ವೀಪದ ಹೆಸರು ಟುಟುವಿಲ, ರಾಜಧಾನಿ ಪಾಗೋ ಪಾಗೋ. ಸುತ್ತ ಹಸಿರು ಗುಡ್ಡ, ನಡುವೆ ನೀಲಿ ಬಂದರು, ಮೇಲಿಂದ ಮಳೆಯೋ ಮಳೆ! ಹಾಲಿವುಡ್ಡಿಗೆ ಈ ಊರು ಹೊಸದೇನಲ್ಲ. ಸಾಮರ್ಸೆಟ್ ಮಾಮ್ ಬರೆದ 'ರೇನ್' ಕಥೆ ನಡೆಯೋದೇ ಪಾಗೋ ಪಾಗೋದಲ್ಲಿ. 1928ರಲ್ಲಿ ಗ್ಲೋರಿಯಾ ಸ್ವಾನ್ಸನ್, 1932ರಲ್ಲಿ ಜೋನ್ ಕ್ರಾಫರ್ಡ್, 1953ರಲ್ಲಿ ರೀಟಾ ಹೇವರ್ತ್, ಹೀಗೆ ಮೂವರು ಘಟಾನುಘಟಿ ತಾರೆಯರು ಆ ಒಂದೇ ಪಾತ್ರಕ್ಕೆ ಬಣ್ಣ ಹಚ್ಚಿದ್ದಾರೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಜರ್ಮನಿ ಮತ್ತು ಅಮೆರಿಕ ಕೂತು ಸಮೋವಾ ದ್ವೀಪಗಳನ್ನು ಹಂಚಿಕೊಂಡವು. ಪಶ್ಚಿಮದ ಭಾಗ ಆಮೇಲೆ ನ್ಯೂಜಿಲೆಂಡ್ ಕೈಗೆ ಹೋಗಿ 1962ರಲ್ಲಿ ಸ್ವತಂತ್ರವಾಯಿತು. ಪೂರ್ವದ ಭಾಗ ಅಮೆರಿಕದ ಹತ್ತಿರವೇ ಉಳಿಯಿತು. ಭಾಷೆ ಒಂದೇ, ನೆಂಟಸ್ತಿಕೆ ಒಂದೇ, ಆದರೆ ಪಾಸ್‌ಪೋರ್ಟ್ ಬೇರೆ. ಈ ಪಾಸ್‌ಪೋರ್ಟ್ ವಿಷಯ ನೆನಪಿಟ್ಟುಕೊಳ್ಳಿ. ಕಥೆಯ ನಿಜವಾದ ವಿಲನ್ ಅದೇ.

ಇಲ್ಲಿನ ಹುಡುಗರಿಗೆ ಪ್ರಾಣಕ್ಕೆ ಪ್ರಾಣವಾದ ಆಟ ಅಮೆರಿಕನ್ ಫುಟ್‌ಬಾಲ್. ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಗೂಳಿಗಳಂತೆ ನುಗ್ಗುವ ಆಟ. ಗಟ್ಟಿಮುಟ್ಟಾದ ಹುಡುಗರೆಲ್ಲ ಅಲ್ಲಿಗೇ. ನಮಗೆ ಗೊತ್ತಿರುವ ಕಾಲ್ಚೆಂಡಿಗೆ ಉಳಿದವರು ಬರಬೇಕು. ಆದರೂ 1983ರಲ್ಲಿ ತಂಡವೊಂದು ತಯಾರಾಗಿ ದಕ್ಷಿಣ ಪೆಸಿಫಿಕ್ ಕ್ರೀಡಾಕೂಟಕ್ಕೆ ನೆರೆಯ ಆಪಿಯಾಕ್ಕೆ ಹೋಯಿತು. ಮೊದಲ ಪಂದ್ಯದಲ್ಲಿ ಪಶ್ಚಿಮ ಸಮೋವಾ ಎದುರು 3-1ರಿಂದ ಸೋಲು. ಅದೇ ಕೂಟದಲ್ಲಿ ವಾಲಿಸ್ ಮತ್ತು ಫುಟುನಾ ಎಂಬ ಪುಟ್ಟ ದ್ವೀಪಗಳ ಮೇಲೆ 3-0ಯಿಂದ ಗೆಲುವು! ಭಲೇ ಅಂದುಕೊಳ್ಳಬೇಕು. ಆದರೆ ಮುಂದಿನ ಗೆಲುವಿಗೆ ಎಷ್ಟು ವರ್ಷ ಕಾಯಬೇಕಾಯಿತು ಗೊತ್ತೆ? ಇಪ್ಪತ್ತೆಂಟು.

ಇಪ್ಪತ್ತರಲ್ಲಿ ಉಳಿದವನು ಒಬ್ಬ

1998ರಲ್ಲಿ ಫಿಫಾ ಸದಸ್ಯತ್ವ ಸಿಕ್ಕಿತು. ವಿಶ್ವಕಪ್ ಅರ್ಹತಾ ಪಂದ್ಯ ಆಡೋ ಯೋಗ 2001ರಲ್ಲಿ ಕೂಡಿ ಬಂತು. ಇಪ್ಪತ್ತು ಜನರ ತಂಡ ಸಿದ್ಧವಾಯಿತು. ಆಗ ಫಿಫಾ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುವವರು ಯಾರು? ತಂಡದ ಬಹುಪಾಲು ಆಟಗಾರರು ಆಚೆ ಸಮೋವಾ ಮೂಲದವರು. ಇಪ್ಪತ್ತರಲ್ಲಿ ಪಾಸಾದವನು ಒಬ್ಬನೇ ಒಬ್ಬ, ಗೋಲ್‌ಕೀಪರ್ ನಿಕಿ ಸಲಾಪು.

ಇಪ್ಪತ್ತರ ವಯಸ್ಸಿನೊಳಗಿನ ತಂಡದ ಹುಡುಗರನ್ನಾದರೂ ಕರೆಯೋಣ ಅಂದರೆ ಅವರಿಗೆ ಹೈಸ್ಕೂಲ್ ಪರೀಕ್ಷೆ! ಕೋಚ್ ಟುನೋವಾ ಲೂಯಿ ಸಿಕ್ಕಸಿಕ್ಕವರನ್ನು ಒಟ್ಟು ಮಾಡಿದರು. ಸರಾಸರಿ ವಯಸ್ಸು 18. ಹದಿನೈದು ವರ್ಷದ ಹುಡುಗರೇ ಮೂವರಿದ್ದರು. ಪೂರಾ ತೊಂಬತ್ತು ನಿಮಿಷ ಆಡಿಯೇ ಗೊತ್ತಿಲ್ಲದವರೂ ಇದ್ದರು. ಇಂಥ ಮಕ್ಕಳನ್ನು ಕಟ್ಟಿಕೊಂಡು ಹೋಗಿ ನಿಂತಿದ್ದು ಯಾರೆದುರು? ವೃತ್ತಿಪರ ಆಟಗಾರರ ಆಸ್ಟ್ರೇಲಿಯಾ ಎದುರು. ಆ ತಂಡ ಎರಡೇ ದಿನ ಮುಂಚೆ ಟೊಂಗಾವನ್ನು 22-0ಯಿಂದ ಹೊಡೆದು ಹಾಕಿತ್ತು. ಸಮೋವಾ ಹುಡುಗರೂ ಅಷ್ಟರಲ್ಲೇ ಫಿಜಿಯಿಂದ 13, ನೆರೆಯ ಸಮೋವಾದಿಂದ 8 ಗೋಲು ತಿಂದು ಸುಸ್ತಾಗಿದ್ದರು.

ಮೊದಲ ಹತ್ತು ನಿಮಿಷ ಹೇಗೋ ತಡೆದರು. ಆಮೇಲೆ ಕಟ್ಟೆ ಒಡೆಯಿತು ನೋಡಿ! ಇಂಟರ್‌ವಲ್ ಹೊತ್ತಿಗೆ 16-0. ಆರ್ಚಿ ಥಾಂಪ್ಸನ್ ಎಂಬ ಒಬ್ಬನೇ ಆಟಗಾರ 13 ಗೋಲು ಹೊಡೆದ. ಅಂತಾರಾಷ್ಟ್ರೀಯ ಪಂದ್ಯದಲ್ಲಿ ಒಬ್ಬ ಆಟಗಾರನ ಹಳೆಯ ದಾಖಲೆ ಹತ್ತು ಗೋಲು. ಅದು 1908 ಮತ್ತು 1912ರ ಒಲಿಂಪಿಕ್ಸ್ ಕಾಲದ್ದು. ಡೇವಿಡ್ ಜ್ಡ್ರಿಲಿಕ್ ಹೊಡೆದದ್ದು ಎಂಟು. ಬೇರೆ ದಿನವಾಗಿದ್ದರೆ ಆ ಎಂಟಕ್ಕೇ ಮರುದಿನ ಪತ್ರಿಕೆಗಳಲ್ಲಿ ದಪ್ಪಕ್ಷರದ ಹೆಡ್ಡಿಂಗ್ ಬರುತ್ತಿತ್ತು. ಪಾಪ, ಅವನ ಹೆಸರು ಯಾರಿಗೂ ನೆನಪಿಲ್ಲ. ಗೋಲು ಎಣಿಸುವವರಿಗೂ ತಲೆ ಕೆಟ್ಟು ಸ್ಕೋರ್‌ಬೋರ್ಡ್ ಮೇಲೆ 32 ಅಂತ ಬಿದ್ದಿತು. ಕೊನೆಗೆ ಲೆಕ್ಕ ಹಾಕಿ ನೋಡಿದರೆ 31!

ಆ ತಂಡಕ್ಕೂ ಒಂದು ಕ್ಷಣ ಬಂತು. 86ನೇ ನಿಮಿಷದಲ್ಲಿ ಪಾತಿ ಫೆಯಾಗಿಯಾಯಿ ಗೋಲಿನತ್ತ ಚೆಂಡು ಒದ್ದ. ಅಷ್ಟು ಹೊತ್ತೂ ಕೆಲಸವಿಲ್ಲದೆ ನಿಂತಿದ್ದ ಆಸ್ಟ್ರೇಲಿಯಾ ಗೋಲ್‌ಕೀಪರ್ ಅದನ್ನು ತಡೆದುಬಿಟ್ಟ. ಬಿಡಬಾರದಿತ್ತೇ ಮಹರಾಯ, ಒಂದು ಗೋಲಿನಿಂದ ನಿನ್ನ ಗಂಟೇನು ಹೋಗುತ್ತಿತ್ತು ಅನ್ನಿಸುತ್ತದೆ ನನಗೆ. ಆದರೆ ಆಟ ಅಂದಮೇಲೆ ಆಟ.

ಕೊನೇ ಪಂದ್ಯದಲ್ಲಿ ಟೊಂಗಾ ಐದು ಹೊಡೆಯಿತು. ನಾಲ್ಕು ಪಂದ್ಯ, ತಿಂದ ಗೋಲು 57, ಹೊಡೆದದ್ದು ಸೊನ್ನೆ. ಇಷ್ಟೆಲ್ಲ ಮೆರೆದ ಆಸ್ಟ್ರೇಲಿಯಾ ವಿಶ್ವಕಪ್ಪಿಗೆ ಹೋಯಿತೇ ಅಂದರೆ, ಇಲ್ಲ! ಅದೇ ವರ್ಷ ನವೆಂಬರಿನಲ್ಲಿ ಉರುಗ್ವೆ ಕೈಯಲ್ಲಿ ಸೋತು ಮನೆಯಲ್ಲೇ ಕೂತಿತು. ಇಂಥ ಪಂದ್ಯಗಳಿಂದ ಯಾರಿಗೂ ಲಾಭವಿಲ್ಲ ಅಂತ ಗೊತ್ತಾದ ಮೇಲೆ, ಮುಂದಿನ ವಿಶ್ವಕಪ್ಪಿನಿಂದ ಪುಟ್ಟ ದ್ವೀಪಗಳು ಮೊದಲು ತಮ್ಮತಮ್ಮಲ್ಲೇ ಆಡುವ ಏರ್ಪಾಟು ಬಂತು.

ಗೋಲ್‌ಕೀಪರನ ಗೋಳು

ತಂಡ ಸೋತಿತು ಅಂದರೆ ಹನ್ನೊಂದು ಜನಕ್ಕೂ ಹಂಚಿಹೋಗುತ್ತದೆ. ಗೋಲ್‌ಕೀಪರ್ ಪಾಲಿಗೆ ಹಾಗಲ್ಲ. ಮೂವತ್ತೊಂದು ಸಲ ಬಲೆಯೊಳಗಿನಿಂದ ಚೆಂಡು ಎತ್ತಿಕೊಟ್ಟವನು ಅವನೇ. ಆಗ ಸಲಾಪುಗೆ ವಯಸ್ಸು ಇಪ್ಪತ್ತು. ಅವನು ತಡೆದ ಚೆಂಡುಗಳನ್ನು ಯಾರೂ ಲೆಕ್ಕವಿಡಲಿಲ್ಲ. ಅವನಿಲ್ಲದಿದ್ದರೆ ಆ ಸಂಖ್ಯೆ ಐವತ್ತು ಮುಟ್ಟುತ್ತಿತ್ತು ಅಂತ ನನ್ನ ಖಚಿತ ಅಭಿಪ್ರಾಯ. ಆದರೆ ಹೋದಲ್ಲೆಲ್ಲ ಅವನನ್ನು ಹಿಂಬಾಲಿಸಿದ್ದು ಒಂದೇ ಸಂಖ್ಯೆ. ಆಮೇಲೆ ಅವನು ಅಮೆರಿಕದ ಸಿಯಾಟಲ್ ನಗರ ಸೇರಿಕೊಂಡ. ಸಾಕ್ಷ್ಯಚಿತ್ರದಲ್ಲಿ ಅವನು ಹೇಳಿಕೊಳ್ಳುವ ಒಂದು ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಮನೆಯಲ್ಲಿ ವಿಡಿಯೋ ಗೇಮ್ ಹಾಕಿಕೊಂಡು, ತನ್ನ ತಂಡವನ್ನು ಆಸ್ಟ್ರೇಲಿಯಾ ಮೇಲೆ ಆಡಿಸಿ, ಆಸ್ಟ್ರೇಲಿಯಾ ಕಡೆ ಯಾರನ್ನೂ ಆಡಲು ಬಿಡದೆ, ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದನಂತೆ! ನಗಬೇಕೋ ಅಳಬೇಕೋ ಹೇಳಿ.

ತಂಡದ ಸ್ಥಿತಿಯೂ ಸುಧಾರಿಸಲಿಲ್ಲ. ಫಿಫಾ ಪಟ್ಟಿಯ ಕಟ್ಟಕಡೆಯ ಸ್ಥಾನವೇ ಖಾಯಂ ವಿಳಾಸವಾಯಿತು. 2009ರ ಸೆಪ್ಟೆಂಬರಿನಲ್ಲಿ ಸುನಾಮಿ ಬಂದು ದ್ವೀಪವನ್ನೇ ಬಡಿದು ಹೋಯಿತು. 2011ರ ಪೆಸಿಫಿಕ್ ಕ್ರೀಡಾಕೂಟದಲ್ಲಿ ಐದು ಪಂದ್ಯ ಆಡಿ ಐದೂ ಸೋತರು, ಒಂದು ಗೋಲೂ ಹೊಡೆಯಲಿಲ್ಲ. ಬ್ರಿಟನ್ನಿನ ಮೈಕ್ ಬ್ರೆಟ್ ಮತ್ತು ಸ್ಟೀವ್ ಜೇಮಿಸನ್ ಕ್ಯಾಮೆರಾ ಹೊತ್ತು ಬಂದದ್ದು ಈ ಹೊತ್ತಿನಲ್ಲಿ. ಸೋಲುವವರ ಚಿತ್ರ ತೆಗೆಯೋಣ ಅಂತ ಬಂದವರಿಗೆ ಕ್ಲೈಮ್ಯಾಕ್ಸ್ ತಾನಾಗಿ ಒಲಿದು ಬಂತು!

ಹೇಗೆಂದರೆ, ಅದೇ ನವೆಂಬರಿನ ಅರ್ಹತಾ ಪಂದ್ಯಗಳಿಗೆ ಅಮೆರಿಕದಿಂದ ಥಾಮಸ್ ರೊಂಗನ್ ಎಂಬ ಕೋಚ್ ಬಂದಿಳಿದರು. ಹುಟ್ಟಿದ್ದು ಹಾಲೆಂಡಿನಲ್ಲಿ. 1999ರಲ್ಲಿ ಡಿ.ಸಿ. ಯುನೈಟೆಡ್ ತಂಡಕ್ಕೆ ಅಮೆರಿಕದ ಲೀಗ್ ಕಪ್ ಗೆದ್ದುಕೊಟ್ಟವರು. ಕೈಯಲ್ಲಿದ್ದದ್ದು ಬರೀ ಮೂರು ವಾರ. ಬಾಯಿ ಜೋರು, ಬೈಗುಳ ಧಾರಾಳ. ಆದರೆ ಎದೆಯೊಳಗೆ ಬೇರೆಯೇ ಗಾಯ. ಹೆಂಡತಿಯ ಮಗಳನ್ನು 2004ರಲ್ಲಿ ಕಾರು ಅಪಘಾತದಲ್ಲಿ ಕಳೆದುಕೊಂಡಿದ್ದರು. ದೇವರ ಹೆಸರಿಲ್ಲದೆ ದಿನ ಆರಂಭಿಸದ ಆ ದ್ವೀಪದ ಜನರ ನಡುವೆ ಈ ಒರಟು ಮನುಷ್ಯ ನಿಧಾನವಾಗಿ ಮೆತ್ತಗಾಗುವುದನ್ನು ಕ್ಯಾಮೆರಾ ಸುಮ್ಮನೆ ನೋಡುತ್ತಾ ಹೋಗುತ್ತದೆ. ರೊಂಗನ್ ಸಲಾಪುವನ್ನೂ ವಾಪಸ್ ಕರೆಸಿಕೊಂಡರು.

ಇನ್ನೊಬ್ಬರ ವಿಷಯ ಹೇಳಲೇಬೇಕು. ಜಾಯಾ ಸೈಲುವಾ. ಸಮೋವಾ ಸಮಾಜದಲ್ಲಿ ಫಾ-ಅಫಾಫಿನೆ ಅನ್ನೋ ಒಂದು ವರ್ಗವಿದೆ. ಗಂಡಾಗಿ ಹುಟ್ಟಿ ಹೆಣ್ಣಿನ ರೀತಿಯಲ್ಲಿ ಬಾಳುವವರು. ಅಲ್ಲಿ ಅದು ಮುಚ್ಚಿಡುವ ಮಾತಲ್ಲ, ಮನೆಮಂದಿಯೇ ಒಪ್ಪಿಕೊಂಡ ವಿಷಯ. ಜಾಯಾ ಆಡುತ್ತಿದ್ದದ್ದು ಡಿಫೆನ್ಸ್ ನಡುವಿನಲ್ಲಿ. ಹಣೆಗೆ ಬ್ಯಾಂಡ್ ಕಟ್ಟಿ ಎದುರಾಳಿ ಕಾಲಿಗೆ ಬಿದ್ದರೆ ಅವನು ಏಳಬೇಕಾದರೆ ಯೋಚನೆ ಮಾಡಬೇಕು, ಅಂಥ ಟ್ಯಾಕಲ್! ರೊಂಗನ್ ಆಕೆಯನ್ನು ಮೊದಲ ಹನ್ನೊಂದರಲ್ಲೇ ಇಳಿಸಿದರು. ಪುರುಷರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಹೀಗೆ ಬಹಿರಂಗವಾಗಿ ಆಡಿದ ಮೊದಲ ವ್ಯಕ್ತಿ ಆಕೆ.

2011ರ ನವೆಂಬರ್ 22, ಆಪಿಯಾ. ಎದುರಾಳಿ ಟೊಂಗಾ. ಮೊದಲರ್ಧ ಮುಗಿಯೋ ಹೊತ್ತಿಗೆ ದೂರದಿಂದ ರಾಮಿನ್ ಓಟ್ ಒದ್ದ ಚೆಂಡು ಗೋಲ್‌ಕೀಪರ್ ಕೈತಪ್ಪಿ ಒಳಗೆ. 1-0! 74ನೇ ನಿಮಿಷದಲ್ಲಿ ಶಾಲೋಮ್ ಲುವಾನಿ ಎಂಬ ಹುಡುಗ ಎರಡನೆಯದನ್ನು ಹೊಡೆದ. ಇನ್ನೇನು ಮುಗಿಯಿತು ಅನ್ನುವಾಗ 88ನೇ ನಿಮಿಷಕ್ಕೆ ಟೊಂಗಾ ಒಂದು ವಾಪಸ್ ಕೊಟ್ಟಿತು. ಉಳಿದ ಆ ನಾಲ್ಕಾರು ನಿಮಿಷ ಇದೆಯಲ್ಲ, ಯಾವ ಸ್ಟಂಟ್ ಮಾಸ್ಟರೂ ಕಂಪೋಸ್ ಮಾಡಲಾರ. ಸಲಾಪುವನ್ನೂ ದಾಟಿ ಗೋಲಿನತ್ತ ಉರುಳುತ್ತಿದ್ದ ಚೆಂಡನ್ನು ಜಾಯಾ ಓಡಿಬಂದು ಹೊರಗೆ ಒದ್ದು ಉಳಿಸಿದರು. ಸೀಟಿ ಊದಿದಾಗ ಸಲಾಪು ಅತ್ತುಬಿಟ್ಟ. ಹತ್ತು ವರ್ಷ ಕಾದ ಕಣ್ಣೀರು ಅದು, ಗ್ಲಿಸರಿನ್ ಅಲ್ಲ.

ಮುಂದಿನ ಪಂದ್ಯ ಕುಕ್ ದ್ವೀಪಗಳ ಮೇಲೆ 1-1. ಕೊನೆಯದರಲ್ಲಿ ಗೆದ್ದರೆ ಮುಂದಿನ ಸುತ್ತು. ಎದುರಿಗೆ ಅಣ್ಣತಮ್ಮಂದಿರ ಸಮೋವಾ. ಆಟ ಮುಗಿಯುತ್ತಾ ಬಂದಾಗ ಒಂದು ಗೋಲು ತಿಂದು ಸೋತರು. ಆದರೂ ಫಿಫಾ ಪಟ್ಟಿಯಲ್ಲಿ ತಳದಿಂದ 173ಕ್ಕೆ ಜಿಗಿದರು.

ಬೆಳ್ಳಿತೆರೆಯ ಮೇಲೆ

ಈಗ ಪಂಚಾಯ್ತಿಗೆ ಬರೋಣ. ಎರಡನೇ ಚಿತ್ರದ ನಿರ್ದೇಶಕ ಟೈಕಾ ವೈಟಿಟಿ, 'ಜೋಜೋ ರ್‍ಯಾಬಿಟ್' ಚಿತ್ರಕಥೆಗೆ ಆಸ್ಕರ್ ಗೆದ್ದ ನ್ಯೂಜಿಲೆಂಡ್ ಪ್ರತಿಭೆ. ರೊಂಗನ್ ಪಾತ್ರಕ್ಕೆ ಮೈಕೆಲ್ ಫ್ಯಾಸ್‌ಬೆಂಡರ್, ಜಾಯಾ ಪಾತ್ರಕ್ಕೆ ಸ್ವತಃ ಫಾ-ಅಫಾಫಿನೆ ಆದ ಕೈಮಾನ. ಶೂಟಿಂಗ್ 2019ರ ಕೊನೆಯಲ್ಲಿ ಹವಾಯಿಯಲ್ಲಿ. ಒಬ್ಬ ನಟನನ್ನು ಬದಲಾಯಿಸಿ ಮತ್ತೆ ಚಿತ್ರೀಕರಿಸಿ, ಡಬ್ಬದಿಂದ ಹೊರಬರೋ ಹೊತ್ತಿಗೆ 2023. ನಗಿಸೋ ದೃಶ್ಯಗಳು ಬೇಕಾದಷ್ಟಿವೆ. ಕೈಮಾನ ಕಣ್ಣಲ್ಲೇ ಮಾತಾಡುತ್ತಾರೆ. ದ್ವೀಪದ ಫುಟ್‌ಬಾಲ್ ಮುಖ್ಯಸ್ಥನಾಗಿ ಆಸ್ಕರ್ ಕೈಟ್ಲಿ ಅಚ್ಚುಕಟ್ಟು.

ಆದರೆ ಕಥೆಯ ನಡುಮನೆಯಲ್ಲಿ ಕೋಚ್ ಸಾಹೇಬರನ್ನು ಕೂರಿಸಿದ್ದು ನನಗೆ ಸರಿಬೀಳಲಿಲ್ಲ. ಸಿನಿಮಾದ ರೊಂಗನ್ ಕುಡುಕ, ಹೆಂಡತಿಯಿಂದ ದೂರವಾದವನು, ಮೊದಮೊದಲು ಜಾಯಾಳನ್ನು ಹಳೇ ಹೆಸರಿಂದ ಕರೆದು ನೋಯಿಸುವವನು. ಸಾಕ್ಷ್ಯಚಿತ್ರದ ರೊಂಗನ್ ಹೆಂಡತಿಯ ಜೊತೆಯಲ್ಲೇ ದ್ವೀಪಕ್ಕೆ ಬಂದವರು, ಜಾಯಾಗೆ ಮರ್ಯಾದೆ ಕೊಟ್ಟವರು. ನಿಜ ಮನುಷ್ಯನೇ ಇಷ್ಟು ಚೆನ್ನಾಗಿರುವಾಗ ಮಸಾಲೆ ಯಾಕೆ ಬೇಕಿತ್ತು? ಅದಕ್ಕಿಂತ ಹೆಚ್ಚಿನ ದೂರು ಇನ್ನೊಂದಿದೆ. ಸಲಾಪು ಅಲ್ಲಿ ಹತ್ತರಲ್ಲಿ ಹನ್ನೊಂದನೆಯವನಾಗಿಬಿಟ್ಟಿದ್ದಾನೆ. ಮೂವತ್ತೊಂದು ಗೋಲು ಹೊತ್ತವನೇ ಹೀರೋ ಆಗಬೇಕಿತ್ತು. 2014ರ ಚಿತ್ರದಲ್ಲಿ ಹೀರೋ ಅವನೇ. ಒಂದೇ ಟಿಕೆಟ್ಟಿಗೆ ದುಡ್ಡಿದ್ದರೆ ಅದನ್ನೇ ನೋಡಿ.

ಚಿತ್ರ ಮುಗಿದರೂ ತಂಡದ ಕಥೆ ಮುಗಿದಿಲ್ಲ. ಲುವಾನಿ ಆಮೇಲೆ ಹೆಲ್ಮೆಟ್ ಫುಟ್‌ಬಾಲಿಗೆ ಹೋಗಿ, 2017ರಲ್ಲಿ ಓಕ್‌ಲೆಂಡ್ ರೈಡರ್ಸ್ ತಂಡಕ್ಕೆ ಆಯ್ಕೆಯಾದ. ಜಾಯಾ ಫಿಫಾದ ಸಮಾನತೆಯ ರಾಯಭಾರಿಯಾದರು. 2015ರಲ್ಲಿ ಟೊಂಗಾ ನೆಲದಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಅಮೆರಿಕನ್ ಸಮೋವಾ ಟೊಂಗಾವನ್ನು 2-1ರಿಂದ, ಕುಕ್ ದ್ವೀಪಗಳನ್ನು 2-0ಯಿಂದ ಸೋಲಿಸಿತು. ಸಮೋವಾ ಎದುರು ಮಾತ್ರ 3-2ರಿಂದ ಸೋಲು. ಮೂರು ತಂಡಗಳಿಗೆ ತಲಾ ಆರು ಪಾಯಿಂಟ್. ಗೋಲಿನ ಲೆಕ್ಕ ಹಾಕಿದಾಗ ಸಮೋವಾ ಮುಂದೆ ಹೋಯಿತು, ಇವರು ಎರಡನೆಯವರಾಗಿ ಉಳಿದರು. ವ್ಯತ್ಯಾಸ ಎಷ್ಟು ಅಂತೀರಿ? ಒಂದೇ ಒಂದು ಗೋಲು!